ಹನ್ನೊಂದನೇ ಕೋಣೆಯ ಉಪಚಾರ

ಕಿಟಕಿ ತಾನಾಗಿಯೇ ಮುಚ್ಚಿಕೊಂಡಿತು. ಪೂರ್ತಿಯಲ್ಲ, ಮುಕ್ಕಾಲು ಭಾಗ ಮಾತ್ರ. ಬೀದಿಯ ಗಾಳಿ ನೇರವಾಗಿ ಕತ್ತಿಗೆ ಬಡಿಯುತ್ತಿದ್ದುದರಿಂದ ವಿನುತಾ ಸೆರಗನ್ನು ಹೆಗಲಿಗೆ ಎಳೆದುಕೊಂಡಿದ್ದಳು, ಅಷ್ಟೇ. ಬಾಯಿಬಿಟ್ಟು ಏನನ್ನೂ ಹೇಳಿರಲಿಲ್ಲ. ಅವಳು ಬೆರಗಾಗಿ ಕಿಟಕಿಯ ಕಡೆ ತಿರುಗುವಷ್ಟರಲ್ಲಿ ಮೂಲೆಯಲ್ಲಿದ್ದ ಗಾಲಿಗಳ ಪುಟ್ಟ ಮೇಜು ಸದ್ದಿಲ್ಲದೆ ಉರುಳಿ ಬಂದು ಅವಳ ಮುಂದೆ ನಿಂತಿತು. ಮೇಜಿನ ಮೇಲೆ ಒಂದು ಲೋಟ ಬಿಸಿನೀರಿತ್ತು. ಪ್ರಯಾಣ ಮಾಡಿದ ದಿನ ಅವಳು ತಣ್ಣೀರು ಕುಡಿಯುವುದಿಲ್ಲ.

"ಅಯ್ಯೋ, ಇದಕ್ಕೆ ಹೇಗ್ರೀ ಗೊತ್ತಾಯ್ತು?" ಎಂದಳು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಅವಳ ಗಂಡ ತೀರ್ಥೇಶ ಮೂಗು ಮುರಿದ. "ಏನೋ ಮಿಷನ್ನು. ಸುಮ್ನೆ ಕುಡಿ."

ಅದು 2048ನೇ ಇಸವಿ. ಅರಸೀಕೆರೆಯ ಈ ದಂಪತಿಗೆ ಮೈಸೂರಿನ ದೊಡ್ಡ ಗಡಿಯಾರದ ಹಿಂದಿನ ಬೀದಿಯಲ್ಲಿರುವ ಹೋಟೆಲ್ ಸುಹಾಸದಲ್ಲಿ ಎರಡು ದಿನದ ಮಟ್ಟಿಗೆ ಕೋಣೆ ಗೊತ್ತು ಮಾಡಿಕೊಟ್ಟವಳು ಮಗಳು ಇಂಚರ. ಹಿಂದಿನ ವಾರವಷ್ಟೇ ಅವಳ ಸೀಮಂತ ಮುಗಿದಿತ್ತು. ಮುಂದಿನ ವಾರ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. "ಆಮೇಲೆ ನಿನಗೆ ಉಸಿರಾಡೋಕೂ ಪುರುಸೊತ್ತು ಸಿಗಲ್ಲಮ್ಮ, ಈಗಲೇ ಹೋಗಿ ಬಾ" ಎಂದು ತಾಯಿಯನ್ನು ಒತ್ತಾಯ ಮಾಡಿ ಹೊರಡಿಸಿದ್ದಳು. ತಂದೆಯನ್ನು ಒತ್ತಾಯ ಮಾಡಬೇಕಾಗಲಿಲ್ಲ, ಹೆಂಡತಿ ಹೊರಟರೆ ಊಟದ ಗತಿಯೇನೆಂದು ಆತ ತಾನಾಗಿಯೇ ಹೊರಟ.

ಹೋಟೆಲ್ ಸುಹಾಸ ದೊಡ್ಡದೇನೂ ಅಲ್ಲ. ಮೂರು ಮಹಡಿ, ಹನ್ನೆರಡು ಕೋಣೆ, ಕೆಳಗೊಂದು ತಿಂಡಿಯ ಮನೆ. ಹನ್ನೊಂದನೇ ಕೋಣೆಯಲ್ಲಿ ಮಾತ್ರ ಆರು ತಿಂಗಳಿಂದ ಒಂದು ಹೊಸ ಯಂತ್ರದ ಪ್ರಯೋಗ ನಡೆಯುತ್ತಿತ್ತು. ಅದರ ಹೆಸರು ಇಂಗಿತಗ್ರಾಹಿ. ಕೋಣೆಯ ಕಿಟಕಿ, ಪರದೆ, ಫ್ಯಾನು, ದೀಪ, ಕಾಫಿಯ ಯಂತ್ರ, ಗಾಲಿಮೇಜು, ಎಲ್ಲವೂ ಅದರ ಹಿಡಿತದಲ್ಲಿ. ಅತಿಥಿ ಕೇಳಬೇಕಾಗಿಲ್ಲ, ಗುಂಡಿ ಒತ್ತಬೇಕಾಗಿಲ್ಲ, ಬೇಕಾದದ್ದು ಬೇಕಾದ ಹೊತ್ತಿಗೆ ನಡೆಯುತ್ತದೆ. ಅತಿಥಿಗಳು ಮಾಡಬೇಕಾದ್ದು ಒಂದೇ, ಬಲಗೈ ಮಣಿಕಟ್ಟಿಗೆ ನಾಡಿಪಟ್ಟಿಯೆಂಬ ತೆಳುವಾದ ಬೂದು ಬಣ್ಣದ ಪಟ್ಟಿಯನ್ನು ಬಿಗಿದುಕೊಳ್ಳುವುದು. ಕೋಣೆಯ ಬಾಗಿಲು ಕೂಡ ಅದನ್ನು ತೋರಿಸಿದರೇ ತೆರೆಯುತ್ತಿತ್ತು.

ಮ್ಯಾನೇಜರ್ ಪೂಣಚ್ಚ ಇದನ್ನೆಲ್ಲ ವಿವರಿಸುವಾಗ ತೀರ್ಥೇಶ ಅರ್ಧ ಕೇಳಿಸಿಕೊಂಡಿದ್ದ. ಬಾಗಿಲು ತೆರೆಯುವ ಅರ್ಧ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಸೇವೆ ಮಾಡಿದವನಿಗೆ ಹೋಟೆಲಿನವರು ಯಂತ್ರದ ಪಾಠ ಹೇಳುವುದೇ? ವಿನುತಾ ಪಟ್ಟಿ ಕಟ್ಟಿಕೊಳ್ಳಲು ಕೈ ನೀಡಿದಳು. ಆದರೆ ಆ ಕೈಯಲ್ಲಿ ಜಾಗವಿರಲಿಲ್ಲ. ಮಗಳ ಸೀಮಂತದಲ್ಲಿ ತಾಯಿಗೂ ಎರಡೂ ಕೈತುಂಬ ಹಸಿರು ಗಾಜಿನ ಬಳೆ ತೊಡಿಸುವುದು, ಮಗಳ ಹೆರಿಗೆಯಾಗುವ ತನಕ ಅದನ್ನು ತೆಗೆಯದಿರುವುದು ಅವರ ಮನೆಯ ಪದ್ಧತಿ. ಮಣಿಕಟ್ಟಿನಿಂದ ಮೊಣಕೈ ಹತ್ತಿರದವರೆಗೆ ಬಳೆಯೇ ಬಳೆ. ಪಟ್ಟಿಯನ್ನು ತೂರಿಸಲು ಹೋಗಿ ಒಂದು ಬಳೆ ಟಕ್ಕೆಂದಿತು.

"ಒಡೆದುಗಿಡೆದೀಯ, ಕೊಡಿಲ್ಲಿ" ಎಂದು ತೀರ್ಥೇಶ ಆ ಪಟ್ಟಿಯನ್ನೂ ತನ್ನ ಕೈಗೇ ಬಿಗಿದುಕೊಂಡ. ಒಂದೇ ಮಣಿಕಟ್ಟಿಗೆ ಎರಡು ಬೀಗದ ಕೈ ಕಟ್ಟಿಕೊಂಡಷ್ಟೇ ಎಂದು ಭಾವಿಸಿ ಮರೆತೂಬಿಟ್ಟ. ಪೂಣಚ್ಚ ಆ ಹೊತ್ತಿಗೆ ಇನ್ಯಾರದೋ ಚೀಲ ಎತ್ತಿಡುತ್ತಿದ್ದ.

ಮೊದಲ ಸಂಜೆ ಕಳೆಯುವಷ್ಟರಲ್ಲಿ ವಿನುತಾ ಬೇರೆಯದೇ ಹೆಂಗಸಾಗಿದ್ದಳು. ದೇವರಾಜ ಮಾರ್ಕೆಟ್ಟೆಲ್ಲ ಸುತ್ತಿ ಬಂದು ಕುರ್ಚಿಗೆ ಬಿದ್ದಳೋ ಇಲ್ಲವೋ, ಗಾಲಿಮೇಜು ತಗ್ಗಾಗಿ ಅವಳ ಕಾಲ ಕೆಳಗೆ ಬಂದು ನಿಂತಿತು. ಅದೂ ಎಡಗಡೆ ಒಂದಿಷ್ಟು ಎತ್ತರವಾಗಿ. ನೋಯುವುದು ಅವಳ ಎಡ ಮಂಡಿಯೇ. ಆಮೇಲೆ ಕನ್ನಡಕಕ್ಕಾಗಿ ಹಾಸಿಗೆಯೆಲ್ಲ ತಡಕಾಡುತ್ತಿದ್ದಾಗ ಅದೇ ಮೇಜು ಬಚ್ಚಲಿಗೆ ಉರುಳಿ ಹೋಗಿ, ಸೋಪಿನ ಗೂಡಿನಲ್ಲಿ ಮರೆತಿದ್ದ ಕನ್ನಡಕವನ್ನು ತನ್ನ ಬದಿಯಿಂದ ಚಾಚಿದ ಪುಟ್ಟ ಯಂತ್ರದ ಕೈಯಿಂದ ಎತ್ತಿ ತಂದುಕೊಟ್ಟಿತು. ಬೆಳಿಗ್ಗೆ ಅವಳು ಕಣ್ಣುಬಿಟ್ಟಾಗ ಕಾಫಿ ಸಿದ್ಧವಿತ್ತು, ಸಕ್ಕರೆ ಕಮ್ಮಿ, ಡಿಕಾಕ್ಷನ್ ಜಾಸ್ತಿ.

"ಥ್ಯಾಂಕ್ಸ್ ಕಣೋ" ಎಂದಳು ವಿನುತಾ, ಗೋಡೆಯ ಕಡೆ ನೋಡಿ.

ತೀರ್ಥೇಶನ ಎದೆಗೆ ಆ ಮಾತು ನೇರವಾಗಿ ಬಡಿಯಿತು. ಕಣೋ! ಮೂವತ್ತು ವರ್ಷದ ಸಂಸಾರದಲ್ಲಿ ತನ್ನನ್ನು ಅವಳು 'ರೀ' ಎಂದು ಕರೆದದ್ದು ಬಿಟ್ಟರೆ ಬೇರೆ ಪದ ಬಳಸಿರಲಿಲ್ಲ. ಒಂದು ದಿನದ ಪರಿಚಯದ ಗೋಡೆಗೆ ಕಣೋ.

ಇನ್ನೊಂದು ಸಂಗತಿ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಈ ಕೋಣೆ ತನಗಾಗಿ ಏನನ್ನೂ ಮಾಡಿರಲಿಲ್ಲ. ಒಂದು ಲೋಟ ನೀರು ಕೂಡ ಕೊಟ್ಟಿರಲಿಲ್ಲ. ಬಾಯಾರಿದಾಗ ಅವನು ಮನೆಯಲ್ಲಿ ಹೇಗೋ ಹಾಗೆಯೇ "ಏ, ನೀರು ಕೊಡೇ" ಎನ್ನುತ್ತಿದ್ದ, ವಿನುತಾ ಎದ್ದು ಕೊಡುತ್ತಿದ್ದಳು. ಯಂತ್ರ ತೆಪ್ಪಗೆ ನಿಂತು ನೋಡುತ್ತಿತ್ತು. ಅದಕ್ಕೆ ಕಣ್ಣಿದ್ದದ್ದು ಅವಳ ಮೇಲೆ ಮಾತ್ರ.

ಕಣ್ಣು! ಅವನ ತಲೆಯಲ್ಲಿ ಹುಳ ಹೊಕ್ಕಿತು. ಯಂತ್ರಕ್ಕೆ ಎಡ ಮಂಡಿ ಯಾವುದು ಬಲ ಮಂಡಿ ಯಾವುದು ಹೇಗೆ ತಿಳಿಯುತ್ತದೆ? ಗೋಡೆಯಾಚೆ ಯಾವನೋ ಒಬ್ಬ ಕುಳಿತಿದ್ದಾನೆ. ಕುಳಿತು ಕಣ್ಣಲ್ಲಿ ಕಣ್ಣಿಟ್ಟು ನನ್ನ ಹೆಂಡತಿಯನ್ನೇ ನೋಡುತ್ತಿದ್ದಾನೆ. ವಿನುತಾ ಸ್ನಾನಕ್ಕೆ ಹೋದಾಗ ಅವನು ಕನ್ನಡಿ ಎತ್ತಿ ನೋಡಿದ, ಅರಮನೆಯ ಚಿತ್ರಪಟದ ಹಿಂದೆ ಬೆರಳಾಡಿಸಿದ, ಮಂಚದ ಕೆಳಗೆ ಬಗ್ಗಿ ನೋಡಿ ಸೊಂಟ ಹಿಡಿಸಿಕೊಂಡ. ಕ್ಯಾಮೆರಾ ಸಿಗಲಿಲ್ಲ. ಸಿಗದಿದ್ದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು, ಅಷ್ಟು ಚೆನ್ನಾಗಿ ಅಡಗಿಸಿಟ್ಟಿದ್ದಾರೆ ಕಳ್ಳರು ಎಂದುಕೊಂಡ.

ಸಿಟ್ಟಿಗೆ ಅವನು ಒಬ್ಬನೇ ಅರಮನೆ ಸುತ್ತ ನಡೆದು ಬರಲು ಹೋದ. ಒಂದು ಗಂಟೆ ಬಿಟ್ಟು ಹಿಂತಿರುಗಿದಾಗ ವಿನುತಾ ಕಿಟಕಿಯ ಬಳಿ ಕುಳಿತಿದ್ದಳು.

"ನೀವು ಆ ಕಡೆ ಹೋಗಿದ್ದೇ ತಡ, ಇದೂ ಮಲಗಿಬಿಡ್ತು ನೋಡಿ" ಎಂದಳು. "ಒಂದು ಸಲಾನೂ ಅಲುಗಾಡಲಿಲ್ಲ."

ಅವಳ ಮುಖಕ್ಕೆ ಬಿಸಿಲು ಬೀಳುತ್ತಿತ್ತು. ತೀರ್ಥೇಶ ಅತ್ತ ನೋಡಿದ. ಸರ್ ಎಂದು ಪರದೆ ಒಂದಿಷ್ಟು ಸರಿಯಿತು.

"ಹಾಂ, ಎದ್ದ!" ಎಂದು ವಿನುತಾ ನಕ್ಕಳು.

ತೀರ್ಥೇಶ ಗೋಡೆಯನ್ನೇ ದುರುಗುಟ್ಟಿ ನೋಡಿದ. ನಾನಿಲ್ಲದಾಗ ಸುಮ್ಮನಿರುತ್ತಾನೆ, ನಾನು ಬಂದ ತಕ್ಷಣ ನನ್ನೆದುರೇ ಮೆರೆಯುತ್ತಾನೆ. ನನ್ನನ್ನು ಅವಮಾನಿಸಬೇಕೆಂದೇ ಪಣ ತೊಟ್ಟಿದ್ದಾನೆ. ನಾನೇನು ಇವಳಿಗೆ ಕಮ್ಮಿ ಮಾಡಿದ್ದೇನೆ? ಮನೆ ಕಟ್ಟಿಸಲಿಲ್ಲವೇ, ಮಗಳ ಮದುವೆ ಮಾಡಲಿಲ್ಲವೇ? ಹೀಗೆಲ್ಲ ಅವನು ಮನಸ್ಸಿನಲ್ಲೇ ವಾದ ಮಾಡುತ್ತಿದ್ದಾಗ ವಿನುತಾ ಆ ಮಾತು ಹೇಳಿದಳು.

"ರೀ, ನಾಳೆ ರೈಲಿಗೆ ನೀವು ಹೋಗಿ. ನಾನು ಇನ್ನೆರಡು ದಿನ ಇದ್ದು ಬರ್ತೀನಿ."

"ಒಬ್ಬಳೇ?"

"ಹೂಂ. ಒಬ್ಬಳೇ." ಬಳೆ ತಿರುಗಿಸುತ್ತ ಮುಂದುವರಿಸಿದಳು. "ಯಾರಾದ್ರೂ ಹೇಳದೇನೇ ಒಂದು ಲೋಟ ನೀರು ಕೊಟ್ಟಿದ್ದು ನೆನಪೇ ಇಲ್ಲ ನನಗೆ. ಇನ್ನೆರಡು ದಿನ ಆಸೆ ಆಗ್ತಿದೆ. ನಿಮ್ಮ ಮೇಲೇನೂ ಸಿಟ್ಟಿಲ್ಲ ಕಣ್ರೀ. ನಿಮಗೆ ಇವೆಲ್ಲ ಹೊಳೆಯಲ್ಲ, ನನಗೆ ಗೊತ್ತಲ್ವಾ. ಅದು ನಿಮ್ಮ ಸ್ವಭಾವ."

ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಇಷ್ಟು ಸಮಾಧಾನವಾಗಿ ಹೇಳಿದ್ದು ಅವನಿಗೆ ಹೆದರಿಕೆ ಹುಟ್ಟಿಸಿತು. ತವರಿಗೂ ಅವಳು ಅವನನ್ನು ಬಿಟ್ಟು ಎರಡು ದಿನದ ಮೇಲೆ ಉಳಿದವಳಲ್ಲ. ಈಗ ಒಂದು ಕೋಣೆಗಾಗಿ ಉಳಿಯುತ್ತಾಳಂತೆ. ಉಳಿದವಳು ಮನೆಗೆ ಬಂದ ಮೇಲೆ ತನ್ನನ್ನು ಯಾವ ಕಣ್ಣಿನಿಂದ ನೋಡಿಯಾಳು? ಅವನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟಿಕೊಳ್ಳದೆ ಕೆಳಗಿಳಿದ.

ಪೂಣಚ್ಚ ಅವನ ಮುಖ ನೋಡಿಯೇ ಹಿಂದಿನ ಕೋಣೆಯ ಬಾಗಿಲು ತೋರಿಸಿದ. ಅಲ್ಲಿ ಕುಳಿತಿದ್ದವರು ಡಾ. ಫರ್ಹೀನ್ ತಾಜ್, ಇಂಗಿತಗ್ರಾಹಿಯನ್ನು ಕಂಡುಹಿಡಿದ ವಿಜ್ಞಾನಿ. ನಲವತ್ತರ ಆಸುಪಾಸಿನ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಹೆಂಗಸು. ಎದುರಿಗೆ ಮೂರು ಪರದೆ, ಪಕ್ಕದಲ್ಲಿ ಅರ್ಧ ತಿಂದ ಮೈಸೂರ್ ಪಾಕಿನ ತಟ್ಟೆ.

"ಎಲ್ಲಿ ಅವನು?" ಎಂದ ತೀರ್ಥೇಶ.

"ಯಾರು ಸಾರ್?"

"ನನ್ನ ಹೆಂಡತೀನ ನೋಡ್ತಾ ಕೂತಿರೋನು. ಕಾಫಿ ಕಳಿಸೋನು. ನಾನೂ ಸಿಗ್ನಲ್ ಡಿಪಾರ್ಟ್‌ಮೆಂಟೇ ಮೇಡಂ, ನನಗೆ ಕಿವಿ ಮೇಲೆ ಹೂವಿಡಬೇಡಿ. ಮಿಷನ್ನಿಗೆ ಇಷ್ಟೆಲ್ಲ ಗೊತ್ತಾಗಲ್ಲ."

ಫರ್ಹೀನ್ ನಗಲಿಲ್ಲ. ಕುರ್ಚಿ ಎಳೆದುಕೊಟ್ಟರು. "ಕೂತ್ಕೊಳ್ಳಿ ಸಾರ್. ಇಲ್ಲಿ ಯಾರೂ ಇಲ್ಲ, ಕ್ಯಾಮೆರಾನೂ ಇಲ್ಲ. ಸಿಗ್ನಲ್ಲಿನವರು ಅಂದ್ರಲ್ಲ, ನಿಮಗೆ ಬೇಗ ಅರ್ಥ ಆಗುತ್ತೆ."

ಅವರು ವಿವರಿಸಿದ್ದು ಇಷ್ಟು. ಮನುಷ್ಯ ಕೈ ಎತ್ತುವ ಮೊದಲೇ ಮಿದುಳಿನಿಂದ ಒಂದು ಸಂಕೇತ ಹೊರಟು ನರಗಳ ಮೂಲಕ ಕೈಗೆ ಬರುತ್ತದೆ. ಬಂದ ಸಂಕೇತವೆಲ್ಲ ಕೆಲಸವಾಗುವುದಿಲ್ಲ. ಏಳಬೇಕು ಎಂದುಕೊಳ್ಳುತ್ತೇವೆ, ಸೋಮಾರಿತನ ಬರುತ್ತದೆ, ಬಿಟ್ಟುಬಿಡುತ್ತೇವೆ. ಆದರೆ ಅಷ್ಟರಲ್ಲಿ ಸ್ನಾಯುಗಳು ಕೂದಲೆಳೆಯಷ್ಟು ಮಿಡಿದಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಎಷ್ಟೋ ಸಲ ನಮ್ಮ ಅರಿವಿಗೂ ಬರುವುದಿಲ್ಲ. ಇದನ್ನು ಫರ್ಹೀನ್ ಅರೆಚಲನೆ ಎಂದು ಕರೆದಿದ್ದರು. ನಾಡಿಪಟ್ಟಿ ಗುರುತಿಸುವುದು ಈ ಅರೆಚಲನೆಗಳನ್ನು. ಕೈ ಯಾವ ದಿಕ್ಕಿಗೆ, ಎಷ್ಟು ದೂರ ಹೋಗಬೇಕೆಂದಿತ್ತು, ಏನನ್ನು ಎಷ್ಟು ಹಾಕಬೇಕೆಂದಿತ್ತು ಎಂಬುದರಿಂದ ಅದು ಕಿಟಕಿಯೋ ಕಾಫಿಯೋ ಎಂದು ಯಂತ್ರ ಲೆಕ್ಕ ಹಾಕುತ್ತದೆ, ಮನುಷ್ಯ ಕೈಬಿಟ್ಟ ಕೆಲಸವನ್ನು ತಾನು ಮುಗಿಸುತ್ತದೆ.

"ಅಂದ್ರೆ ಸಿಗ್ನಲ್ ಬಿದ್ದಿದೆ, ಗಾಡಿ ಹೊರಟಿಲ್ಲ" ಎಂದ ತೀರ್ಥೇಶ.

"ಹೌದು ಸಾರ್! ಆ ಗಾಡಿ ಓಡಿಸೋದೇ ನಮ್ಮ ಕೆಲಸ. ಒಬ್ಬ ಮನುಷ್ಯ ದಿನಕ್ಕೆ ನೂರಾರು ಸಲ ಹೀಗೆ ಅರ್ಧಕ್ಕೇ ನಿಲ್ಲಿಸ್ತಾನೆ."

"ಹಾಗಾದ್ರೆ ನಮ್ಮನೆಯವಳು ಕನ್ನಡಕ ಎಲ್ಲಿಟ್ಟೆ ಅಂತ ಹುಡುಕ್ತಾ ಇದ್ದಾಗ ಬಚ್ಚಲಿಂದ ತಂದುಕೊಟ್ಟಿತಲ್ಲ? ಅವಳಿಗೇ ನೆನಪಿರಲಿಲ್ಲ. ಅವಳ ಕೈ ಆ ಕಡೆ ಹೇಗೆ ಮಿಡಿಯುತ್ತೆ?"

ಫರ್ಹೀನ್ ಹುಬ್ಬು ಗಂಟಿಕ್ಕಿದರು. ಕನ್ನಡಕ ಕೆಳಗಿಳಿಸಿಕೊಂಡು ಪರದೆಯ ಮೇಲೆ ಹನ್ನೊಂದನೇ ಕೋಣೆಯ ದಾಖಲೆ ತೆರೆದರು. "ನಿನ್ನೆಯಿಂದ ಇದೊಂದು ನನಗೂ ಬಗೆಹರಿದಿಲ್ಲ ಸಾರ್. ನೋಡಿ, ಇದು ನಿಮ್ಮ ಗೆರೆ, ಇದು ಮೇಡಂದು. ಎರಡೂ ಪಡಿಯಚ್ಚು. ಗಂಡ ಹೆಂಡತಿ ಎಷ್ಟೇ ಅನ್ಯೋನ್ಯವಾಗಿದ್ರೂ ಹೀಗಿರೋಕೆ ಸಾಧ್ಯ ಇಲ್ಲ. ಮೇಡಂ ಪಟ್ಟಿ ಕೆಟ್ಟಿರಬೇಕು ಅಂತ ಬದಲಾಯಿಸೋಣ ಅಂದುಕೊಂಡಿದ್ದೆ. ಎಡಗೈಗೆ ಕಟ್ಟಿಕೊಂಡಿದ್ದಾರಾ ಅವರು?"

"ಅವಳೆಲ್ಲಿ ಕಟ್ಟಿಕೊಂಡಿದ್ದಾಳೆ? ಬಳೆ ಅಡ್ಡ ಬಂತು. ಅದೂ ನನ್ನ ಹತ್ರಾನೇ ಇದೆಯಲ್ಲ" ಎಂದು ತೀರ್ಥೇಶ ಅಂಗಿಯ ತೋಳು ಮೇಲೇರಿಸಿದ.

ಫರ್ಹೀನ್ ಅವನ ಮಣಿಕಟ್ಟಿನ ಎರಡು ಪಟ್ಟಿಗಳನ್ನು ನೋಡಿದರು. ಪರದೆ ನೋಡಿದರು. ಮತ್ತೆ ಮಣಿಕಟ್ಟು ನೋಡಿದರು.

"ಸಾರ್, ಕನ್ನಡಕ ಬಚ್ಚಲಲ್ಲಿದೆ ಅಂತ ನಿಮಗೆ ಗೊತ್ತಿತ್ತಾ?"

"ಅವಳು ಯಾವಾಗಲೂ ಮುಖ ತೊಳೆಯೋವಾಗ ಅಲ್ಲೇ ಬಿಟ್ಟು ಬರೋದು."

"ಎಡ ಮಂಡಿ?"

"ಹನ್ನೆರಡು ವರ್ಷದಿಂದ ಇದೆ ಅದು. ಮೆಟ್ಟಿಲಿಂದ ಜಾರಿ ಬಿದ್ದಿದ್ದಳು."

"ಡಿಕಾಕ್ಷನ್ ಜಾಸ್ತಿ, ಸಕ್ಕರೆ ಕಮ್ಮಿ?"

ತೀರ್ಥೇಶ ತನ್ನ ಮಣಿಕಟ್ಟನ್ನೇ ನೋಡಿಕೊಂಡ. ಅವನಿಗೆ ನಿಧಾನವಾಗಿ ಹೊಳೆಯತೊಡಗಿತ್ತು. ಫರ್ಹೀನ್ ಪರದೆಯನ್ನು ಅವನ ಕಡೆ ತಿರುಗಿಸಿದರು. "ನಿನ್ನೆ ಮಧ್ಯಾಹ್ನದಿಂದ ನಲವತ್ತಮೂರು ಅರೆಚಲನೆ ಸಾರ್. ಎಲ್ಲವೂ ನಿಮ್ಮವೇ. ಅವರಿಗೆ ಗಾಳಿ ಹೊಡೀತಿದೆ ಅಂತ ಕಂಡ ಕೂಡಲೇ ನಿಮ್ಮ ಕೈ ಕಿಟಕಿ ಕಡೆ ಹೊರಟಿದೆ. ನೀವು ಏಳಲಿಲ್ಲ, ಯಂತ್ರ ಮುಚ್ಚಿತು. ಈ ಎರಡು ದಿನ ಅವರಿಗೆ ಉಪಚಾರ ಮಾಡಿರೋದು ಬೇರೆ ಯಾರೂ ಅಲ್ಲ, ನೀವೇ."

"ಮತ್ತೆ ನನಗ್ಯಾಕೆ ಒಂದು ಲೋಟ ನೀರೂ ಕೊಡಲಿಲ್ಲ ಅದು?"

ಫರ್ಹೀನ್ ಸಂಕೋಚದಿಂದ ಮೈಸೂರ್ ಪಾಕಿನ ತಟ್ಟೆಯನ್ನು ಆಚೆ ಸರಿಸಿದರು. "ನಿಮಗೆ ಬೇಕಾದಾಗ ನಿಮ್ಮ ಕೈ ಮಿಡಿದಿದ್ದೇ ಇಲ್ಲ ಸಾರ್. ಬಹುಶಃ ನೀವು ಬಾಯಲ್ಲಿ ಹೇಳಿಬಿಡ್ತೀರೇನೋ."

ಆ ಕೊನೆಯ ಮಾತು ತೀರ್ಥೇಶನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಎರಡು ದಿನದ ಹೊಟ್ಟೆಕಿಚ್ಚು ಒಂದೇ ಉಸಿರಿಗೆ ಆರಿಹೋಗಿತ್ತು. ಗೋಡೆಯಾಚೆಯ ಆ ಪೋಕರಿ, ತನ್ನ ಹೆಂಡತಿಯನ್ನು ಗೆದ್ದ ಆ ಕಳ್ಳ, ತಾನೇ! ಥ್ಯಾಂಕ್ಸ್ ಕಣೋ ಎಂದದ್ದು ತನಗೇ! ಅವನು ಫರ್ಹೀನ್ ಅವರಿಗೆ ಕೈಮುಗಿದು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಐವತ್ತೇಳರ ವಯಸ್ಸಿನಲ್ಲಿ ಹಾಗೆಲ್ಲ ಹತ್ತಬಾರದು, ಆದರೆ ಆ ಹೊತ್ತಿನಲ್ಲಿ ಅವನನ್ನು ಹಿಡಿಯುವವರು ಯಾರೂ ಇರಲಿಲ್ಲ.

ವಿನುತಾ ಮಾರ್ಕೆಟ್ಟಿನಲ್ಲಿ ಕೊಂಡ ಕುಲಾವಿ ಬಟ್ಟೆಗಳನ್ನು ಮಡಿಸುತ್ತಿದ್ದಳು. ತೀರ್ಥೇಶ ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದ. ಪಟ್ಟಿ ತೋರಿಸಿದ. ಸಿಗ್ನಲ್ಲಿನ ಲೆಕ್ಕದಲ್ಲಿ ಬಿಡಿಸಿ ಹೇಳಿದ. ನಲವತ್ತಮೂರು ಎಂಬ ಅಂಕಿಯನ್ನು ಮೂರು ಸಲ ಹೇಳಿದ. "ನಾನು ಕಣೇ, ನಾನು! ಕಿಟಕಿ ಮುಚ್ಚಿದ್ದು ನಾನು. ಕಾಫಿ ಮಾಡಿದ್ದು ನಾನು. ನಿನಗೇನು ಬೇಕು ಅಂತ ಈ ಕೋಣೆಗೆ ಏನು ಗೊತ್ತು, ಮಣ್ಣು! ಗೊತ್ತಿದ್ದಿದ್ದು ನನಗೆ."

ಅವಳು ನಗುತ್ತಾಳೆ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾಳೆ ಎಂದೆಲ್ಲ ಅವನು ಮೆಟ್ಟಿಲು ಹತ್ತುವಾಗಲೇ ಎಣಿಸಿದ್ದ. ವಿನುತಾ ಕೈಯಲ್ಲಿದ್ದ ಕುಲಾವಿಯನ್ನು ಹಾಸಿಗೆಯ ಮೇಲಿಟ್ಟಳು.

"ನಿಮಗೆ ಗೊತ್ತಿತ್ತು" ಎಂದಳು.

"ಅದನ್ನೇ ಹೇಳ್ತಿರೋದು!"

"ಈಗ ಮಾತ್ರಾನಾ? ಮನೇಲೂ ಗೊತ್ತಾಗ್ತಿತ್ತಾ?"

ತೀರ್ಥೇಶನ ನಗು ಮುಖದ ಮೇಲೆ ಹಾಗೆಯೇ ಉಳಿಯಿತು, ಯಾಕೆ ಉಳಿದಿದೆಯೆಂದು ಅದಕ್ಕೇ ಗೊತ್ತಿಲ್ಲದ ಹಾಗೆ.

"ಇಂಚರ ಹೊಟ್ಟೇಲಿದ್ದಾಗ ಬಾವಿಯಿಂದ ಎರಡೆರಡು ಕೊಡ ತರ್ತಿದ್ದೆ, ನೀವು ಜಗಲಿ ಮೇಲೆ ಪೇಪರ್ ಓದ್ತಿದ್ರಿ. ಅವತ್ತು ಗೊತ್ತಾಗಿತ್ತಾ? ನಿಮ್ಮ ತಂಗಿ ಮದುವೇಲಿ ಎಲ್ಲರ ಊಟ ಆದಮೇಲೆ ನನಗೆ ಸಾರೇ ಉಳಿದಿರಲಿಲ್ಲ. ನೀವು ಎದುರಿಗೇ ನಿಂತಿದ್ರಿ. ಆಗ? ಮಂಡಿ ಊದಿಕೊಂಡು ಅಡುಗೆಮನೇಲಿ ನಿಂತಿದ್ದಾಗ ಸ್ಟೂಲು ನಿಮ್ಮ ಪಕ್ಕದಲ್ಲೇ ಇತ್ತು. ಎಳೆದುಕೊಡಬೇಕು ಅಂತ ಕೈ ಬಂದಿತ್ತಾ?"

ಅವನಿಗೆ ಸುಳ್ಳು ಹೇಳಲು ಬರಲಿಲ್ಲ. ಸ್ಟೂಲು ಅವನಿಗೆ ಚೆನ್ನಾಗಿ ನೆನಪಿತ್ತು. ಕೆಂಪು ಪ್ಲಾಸ್ಟಿಕ್ಕಿನದು. ಎಳೆದುಕೊಡೋಣ ಎಂದುಕೊಂಡಿದ್ದ, ಅಷ್ಟರಲ್ಲಿ ಯಾವುದೋ ಫೋನ್ ಬಂದಿತ್ತು.

"ಕೇಳಿದಾಗೆಲ್ಲ ಏನಂತಿದ್ರಿ? ನನಗೇನು ಗೊತ್ತು, ಬಾಯಿಬಿಟ್ಟು ಹೇಳಬೇಕಪ್ಪ ಅಂತಿದ್ರಿ. ನಾನೂ ನಂಬಿಕೊಂಡೆ. ಪಾಪ, ಇವರಿಗೆ ತಿಳಿಯಲ್ಲ, ಗಂಡಸರೇ ಹಾಗೆ ಅಂತ ಸಮಾಧಾನ ಮಾಡ್ಕೊಂಡೆ. ಮಗಳು ಬೈದಾಗಲೂ ನಿಮ್ಮ ಪರವಾಗಿ ಅದನ್ನೇ ಹೇಳಿದೆ. ಗೊತ್ತಾಗದವರ ಮೇಲೆ ಏನು ಸಿಟ್ಟು ಅಂತ ಮೂವತ್ತು ವರ್ಷ ಸಂಸಾರ ಮಾಡಿದೀನಿ. ಈಗ ಓಡಿ ಬಂದು, ಎಲ್ಲಾ ಗೊತ್ತಿತ್ತು ಕಣೇ ಅಂತೀರಲ್ಲ." ಅವಳು ಗೋಡೆಯ ಕಡೆ ಕೈ ತೋರಿಸಿದಳು. "ಈ ಕೋಣೆಗೆ ಪಾಪ ಏನೂ ಗೊತ್ತಿರಲಿಲ್ಲ. ಆದ್ರೂ ಎದ್ದು ಮಾಡ್ತು."

ಬೀದಿಯಲ್ಲಿ ಯಾರೋ ಮೈಸೂರು ಮಲ್ಲಿಗೆ ಎಂದು ಕೂಗುತ್ತಿದ್ದರು. ದೊಡ್ಡ ಗಡಿಯಾರ ನಾಲ್ಕು ಹೊಡೆಯಿತು. ತೀರ್ಥೇಶ ಬಾಗಿಲ ಬಳಿಯ ಅದೇ ಕುರ್ಚಿಯಲ್ಲಿ ಕುಳಿತ. ಇಲ್ಲದ ಪ್ರತಿಸ್ಪರ್ಧಿಯನ್ನು ಎರಡು ನಿಮಿಷದ ಹಿಂದಷ್ಟೇ ಸೋಲಿಸಿ ಬಂದವನಿಗೆ ಈಗ ಆ ಗೋಡೆಯ ಮೇಲೆ ನಿಜವಾದ ಹೊಟ್ಟೆಕಿಚ್ಚು ಹುಟ್ಟಿತು. ಅದರ ಲೆಕ್ಕದಲ್ಲಿ ನಲವತ್ತಮೂರು ಕೆಲಸವಿತ್ತು. ತನ್ನ ಲೆಕ್ಕದಲ್ಲಿ ಇದ್ದದ್ದು ಮಿಡಿತ ಮಾತ್ರ.

ವಿನುತಾ ಎದ್ದು ಬಂದು ಅವನ ಕೈ ಹಿಡಿದಳು. ಪ್ರೀತಿಯಿಂದಲ್ಲ, ಪಟ್ಟಿ ಬಿಚ್ಚಲು. ಎರಡನ್ನೂ ಬಿಚ್ಚಿ ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿ, ಹೋಗಿ ಕಿಟಕಿಯ ಬಳಿ ಕುಳಿತಳು.

ಸ್ವಲ್ಪ ಹೊತ್ತಿಗೆ ಪಶ್ಚಿಮದ ಬಿಸಿಲು ಇನ್ನಷ್ಟು ಇಳಿದು, ಪರದೆಯ ತೆರೆದ ಭಾಗದಿಂದ ನೇರವಾಗಿ ಅವಳ ಮುಖಕ್ಕೆ ಬಿತ್ತು. ಅವಳು ಕಣ್ಣು ಕಿರಿದು ಮಾಡಿದಳು. ತೀರ್ಥೇಶನ ಬಲಗೈ ತೊಡೆಯ ಮೇಲಿಂದ ಬೆರಳಷ್ಟು ಎದ್ದಿತು. ಈ ಸಲ ಅದು ಅವನಿಗೇ ಕಾಣಿಸಿತು. ಪರದೆ ಅಲುಗಾಡಲಿಲ್ಲ. ಮೇಜು ಮೂಲೆಯಲ್ಲಿ ನಿಂತೇ ಇತ್ತು. ವಿನುತಾ ಬಿಸಿಲಿನಿಂದ ಮುಖ ತಿರುಗಿಸದೆ ಅವನ ಕೈಯನ್ನೇ ನೋಡುತ್ತಿದ್ದಳು.

ಅವನು ಎದ್ದ. ಮೆಟ್ಟಿಲು ಹಾರಿದ್ದಕ್ಕೆ ಮಂಡಿಗಳು ಈಗ ಕರಕರ ಎಂದವು. ಯಂತ್ರ ಎಳೆದು ಅಭ್ಯಾಸವಾಗಿದ್ದ ಪರದೆ ಅವನ ಕೈಗೆ ಬಗ್ಗಲಿಲ್ಲ, ಎಲ್ಲಿ ಹಿಡಿದು ಎಳೆಯಬೇಕೆಂದೇ ತಿಳಿಯದೆ ಒಂದೆರಡು ಸಲ ಜಗ್ಗಿದ, ಕೊಕ್ಕೆಯೊಂದು ಕಳಚಿ ಅವನ ತಲೆಯ ಮೇಲೆ ಬಿತ್ತು. ವಿನುತಾ ಸಹಾಯಕ್ಕೆ ಏಳಲಿಲ್ಲ. ಕೊನೆಗೆ ಹೇಗೋ ಮಾಡಿ ಅರ್ಧದವರೆಗೆ ಎಳೆದು ನಿಂತ.

"ಇನ್ನೂ ಸ್ವಲ್ಪ" ಎಂದಳು ಅವಳು.

ಅವನು ಇನ್ನೂ ಸ್ವಲ್ಪ ಎಳೆದ. ಬಿಸಿಲು ಅವಳ ಮುಖದಿಂದ ಸರಿದು ಕೈಯ ಬಳೆಗಳ ಮೇಲೆ ನಿಂತಿತು. ಅವನು ಕುರ್ಚಿಗೆ ಹಿಂತಿರುಗದೆ ಕಾಫಿಯ ಯಂತ್ರದ ಮುಂದೆ ಹೋಗಿ, ಅದರ ಯಾವ ಗುಂಡಿ ಯಾವುದಕ್ಕೆಂದು ಬಗ್ಗಿ ಓದತೊಡಗಿದ.

"ನಾಳೆ ರೈಲಿಗೆ..." ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದ.

ಅವನು ಮೊದಲು ಸಕ್ಕರೆಯ ಡಬ್ಬಿ ಎತ್ತಿಕೊಂಡು, ನೆನಪಾಗಿ ಕೆಳಗಿಟ್ಟು, ಡಿಕಾಕ್ಷನ್ನಿಗೆ ಇನ್ನೊಂದು ಚಮಚ ಪುಡಿ ಹಾಕುವುದನ್ನು ವಿನುತಾ ನೋಡಿದಳು.

"ಎರಡೂ ಟಿಕೆಟ್ ಕ್ಯಾನ್ಸಲ್ ಮಾಡಿ" ಎಂದಳು. "ಇನ್ನೆರಡು ದಿನ ಇರಿ, ನೋಡೋಣ."